“ವೆಕ್ಟರ್ ಫೈಲ್ ಇದೆಯೇ?”: ಶಿರಸಿಯ ಒಂದು ಬ್ಯಾನರ್ ಅಂಗಡಿಯ ಅನುಭವ

ಶಿರಸಿಯ ದೇವಿಕೆರೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಔಷಧದಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಡಿಟಿಪಿ ಮತ್ತು ಬ್ಯಾನರ್ ಮುದ್ರಣದ ಅಂಗಡಿಗೆ ಕಳೆದ ಡಿಸೆಂಬರಿನಲ್ಲಿ ನಾನು ಮೂರು ಸಲ ಹತ್ತಿ ಇಳಿದೆ. ಹೆಸರು ಬರೆಯಬೇಡಿ, ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲ ಎಂದು ಮಾಲಕರು ಹೇಳಿದ್ದರಿಂದ ಇಷ್ಟು ಗುರುತಷ್ಟೇ ಕೊಡುತ್ತೇನೆ. ಊರಿನ ಯುವಕ ಸಂಘದವರು ಮಂಗನ ಕಾಯಿಲೆಯ ಬಗ್ಗೆ ಒಂದು ಬ್ಯಾನರ್ ಮಾಡಿಸಿ ಹಾಲಿನ ಡೇರಿಯ ಎದುರು ಕಟ್ಟುವುದೆಂದು ತೀರ್ಮಾನಿಸಿದ್ದರು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನೆಂಬ ಕಾರಣಕ್ಕೆ ಬರಹದ ಹೊಣೆ ನನ್ನ ಹೆಗಲಿಗೆ ಬಿತ್ತು.

ನಾನು ಚಿತ್ರವನ್ನೂ ಬರಹವನ್ನೂ ಮೊಬೈಲಿನಲ್ಲಿ ತೋರಿಸಿದೊಡನೆ ಮಾಲಕರು ಕೇಳಿದ ಮೊದಲ ಪ್ರಶ್ನೆ, “ವೆಕ್ಟರ್ ಫೈಲ್ ಇದೆಯೇ?” ಎಂಬುದು. ಅದೇ ಬೆಳಿಗ್ಗೆ ತರಗತಿಯಲ್ಲಿ ಹಲಗೆಯ ಮೇಲೆ ಬಾಣ ಎಳೆದು, ಪರಿಮಾಣವೂ ದಿಕ್ಕೂ ಇರುವುದೇ ವೆಕ್ಟರ್, ಕನ್ನಡದಲ್ಲಿ ಸದಿಶ ಎಂದು ಬರೆಸಿ ಬಂದಿದ್ದೆ. ನನ್ನ ಕೈಯಲ್ಲಿದ್ದ ಬರಹದ ಎರಡನೆಯ ಸಾಲಿನಲ್ಲಿಯೂ “ಈ ರೋಗದ ವೆಕ್ಟರ್ ಉಣುಗು” ಎಂದಿತ್ತು, ಅಲ್ಲಿ ಅದರ ಅರ್ಥ ರೋಗ ಹೊತ್ತು ತರುವ ಜೀವಿ. ಒಂದೇ ದಿನ, ಒಂದೇ ಪದ, ಮೂರನೆಯ ಅರ್ಥ. ನನ್ನ ಮುಖ ನೋಡಿ ಅವರು ಸ್ಟೂಲು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಕಳೆದ ವರ್ಷ ಕಾರವಾರದ ಅಂಗಡಿಯೊಂದರಲ್ಲಿ ಕಾಲೇಜಿನ ಕಾರ್ಯಕ್ರಮಕ್ಕೆ ಬ್ಯಾನರ್ ಮಾಡಿಸಿದಾಗ ಯಾರೂ ಏನನ್ನೂ ಕೇಳಿರಲಿಲ್ಲ. ಮುದ್ರಣವಾಗಿ ಬಂದ ಅಕ್ಷರಗಳ ಅಂಚನ್ನು ಗೆದ್ದಲು ತಿಂದ ಹಾಗಿತ್ತು.

ಅದಕ್ಕೆ ಕಾರಣ ನನಗೆ ತಿಳಿದದ್ದು ಈ ಸ್ಟೂಲಿನ ಮೇಲೆ ಕುಳಿತಾಗ. ನಾನು ತಂದಿದ್ದ ಚಿತ್ರದ ಅಗಲ 1280 ಪಿಕ್ಸೆಲ್. ಬ್ಯಾನರಿನ ಅಗಲ ಆರು ಅಡಿ, ಎಂದರೆ 72 ಇಂಚು, ಹಾಗಾಗಿ ಇಂಚಿಗೆ ಹದಿನೆಂಟು ಚುಕ್ಕಿಯೂ ತುಂಬುವುದಿಲ್ಲ. ಅವರು ತೆರೆಯ ಮೇಲೆ ಹಿಗ್ಗಿಸುತ್ತಾ ಹೋದಂತೆ ಮಂಗನ ಕಣ್ಣು ನಾಲ್ಕಾರು ಕಂದು ಚೌಕಗಳಾಗಿ ಒಡೆದುಹೋಯಿತು. ಆಮೇಲೆ ತಮ್ಮದೇ ಒಂದು ಅಡಿಕೆ ಸಿಂಗಾರದ ಚಿತ್ರ ತೆರೆದು ಅಷ್ಟೇ ಹಿಗ್ಗಿಸಿದರು. ಅಂಚು ಕೂದಲೆಳೆಯಷ್ಟೂ ಕದಲಲಿಲ್ಲ. ಇದೇ ವೆಕ್ಟರ್ ಫೈಲ್, ಇದರಲ್ಲಿ ಚುಕ್ಕಿಗಳನ್ನು ಜೋಡಿಸಿಟ್ಟಿಲ್ಲ, ಕೆಲವು ಬಿಂದುಗಳನ್ನೂ ಅವುಗಳ ನಡುವಿನ ವಕ್ರರೇಖೆಯ ಗಣಿತವನ್ನೂ ಇಟ್ಟಿದೆ, ದೊಡ್ಡದು ಮಾಡಿದಾಗಲೆಲ್ಲ ಕಂಪ್ಯೂಟರ್ ರೇಖೆಯನ್ನು ಹೊಸದಾಗಿ ಎಳೆಯುತ್ತದೆ ಎಂದರು. ಬಿಂದುವೊಂದರ ಮೇಲೆ ಒತ್ತಿದಾಗ ಅದರಿಂದ ಒಂದು ಸಣ್ಣ ಕಡ್ಡಿ ಹೊರಬಂತು. ಕಡ್ಡಿಯನ್ನು ಉದ್ದ ಮಾಡಿದರೆ ಹೂವಿನ ಎಸಳು ಉಬ್ಬುತ್ತಿತ್ತು, ತಿರುಗಿಸಿದರೆ ಬಾಗುತ್ತಿತ್ತು. ಉದ್ದವೂ ಇತ್ತು, ದಿಕ್ಕೂ ಇತ್ತು. ಬೆಳಿಗ್ಗೆ ನಾನು ಹಲಗೆಯ ಮೇಲೆ ಎಳೆದ ಬಾಣವೇ ಅದು. ಈ ರೇಖೆಗಳಿಗೆ ಹೆಸರು ಕೊಟ್ಟ ಪಿಯರ್ ಬೆಜಿಯೆ 1960ರ ದಶಕದಲ್ಲಿ ಫ್ರಾನ್ಸಿನ ರೆನೋ ಕಂಪನಿಯಲ್ಲಿ ಕಾರಿನ ಮೈಯ ತಿರುವುಗಳಿಗಾಗಿ ಅವನ್ನು ಬಳಸಿದ ಎಂಜಿನಿಯರ್.

ಮನೆಗೆ ಬಂದು ಪದದ ಬೇರು ಹುಡುಕದೆ ಇರಲಾಗಲಿಲ್ಲ. ಲ್ಯಾಟಿನ್ನಿನಲ್ಲಿ ‘ವೆಹೆರೆ’ ಎಂದರೆ ಹೊರು, ಒಯ್ಯು. ‘ವೆಕ್ಟರ್’ ಎಂದರೆ ಹೊತ್ತೊಯ್ಯುವವನು. ನಮ್ಮ ವಾಹನ, ವಾಹಕ, ವಹಿಸು ಎಂಬ ಮಾತುಗಳ ಹಿಂದಿರುವ ಸಂಸ್ಕೃತದ ‘ವಹ್’ ಧಾತುವೂ ಲ್ಯಾಟಿನ್ನಿನ ಈ ಕ್ರಿಯಾಪದವೂ ಒಂದೇ ಮೂಲದವು, ಆದ್ದರಿಂದ ವೆಕ್ಟರನ್ನು ರೋಗವಾಹಕ ಎಂದವರು ಅದನ್ನು ಅದರ ದಾಯಾದಿಯ ಮನೆಗೇ ತಂದು ಬಿಟ್ಟಂತಾಗಿದೆ. ಸೂರ್ಯನಿಂದ ಗ್ರಹಕ್ಕೆ ಎಳೆದ, ಗ್ರಹವನ್ನು ಹೊತ್ತು ತಿರುಗುವಂತೆ ಕಾಣುವ ಗೆರೆಯನ್ನು ಖಗೋಳಜ್ಞರು ಮೊದಲೇ ರೇಡಿಯಸ್ ವೆಕ್ಟರ್ ಎನ್ನುತ್ತಿದ್ದರು. ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ 1840ರ ದಶಕದಲ್ಲಿ ಆ ಪದಕ್ಕೆ ಇಂದಿನ ಗಣಿತದ ಅರ್ಥ ಕೊಟ್ಟ. ಒಂದು ಬಿಂದುವನ್ನು ಇಲ್ಲಿಂದ ಅಲ್ಲಿಗೆ ಒಯ್ಯುವುದು ಎಂಬ ಭಾವ ಅಲ್ಲಿಯೂ ಇದೆ. ‘ಸದಿಶ’ ದಿಕ್ಕನ್ನು ಉಳಿಸಿಕೊಂಡು ಹೊರೆಯನ್ನು ಕೆಳಗಿಳಿಸಿದೆ. ಪರೀಕ್ಷೆಗೆ ಅದು ಸಾಕು, ಆದರೂ ಇಷ್ಟು ವರ್ಷ ಕಲಿಸಿದವನಿಗೆ ಇದು ಹೊಳೆಯಲು ಬ್ಯಾನರ್ ಅಂಗಡಿಗೆ ಹೋಗಬೇಕಾಯಿತೆಂಬುದು ಸ್ವಲ್ಪ ನಾಚಿಕೆಯ ವಿಷಯವೇ.

ಎರಡನೆಯ ಭೇಟಿಯಲ್ಲಿ, ಅಂಗಡಿಯಲ್ಲಿ ಸಂಜೆ ಹೊತ್ತು ಕೆಲಸ ಮಾಡುವ ಬಿಎಸ್ಸಿ ಹುಡುಗ ಕೋವಿಶೀಲ್ಡ್ ಕೂಡ ವೆಕ್ಟರ್ ಲಸಿಕೆಯೇ ಎಂದು ನೆನಪಿಸಿದ. ಚಿಂಪಾಂಜಿಯ ಅಡಿನೋವೈರಸ್ಸನ್ನು ಮರಿ ಹಾಕದಂತೆ ಮಾಡಿ, ಕೊರೊನಾದ ಮುಳ್ಳಿನ ಪ್ರೋಟೀನಿನ ಜೀನ್ ಹೊರಿಸಿ ಕಳಿಸಿದ್ದದು. ಇಲ್ಲಿಯೂ ಹೊರುವ ಕೆಲಸವೇ.

ಈ ಚರ್ಚೆಯಿಂದ ಬ್ಯಾನರಿಗೆ ನಿಜವಾಗಿ ಲಾಭವಾಯಿತು. ಡೇರಿಗೆ ಹಾಲು ಹಾಕಲು ಬಂದವರಿಗೆ ವೆಕ್ಟರ್ ಎಂದರೆ ಏನು ತಿಳಿದೀತು ಎಂದು ಮಾಲಕರು ಕೇಳಿದರು. ನಾನು ಆ ಸಾಲನ್ನು “ರೋಗ ಹೊತ್ತು ತರುವುದು ಉಣುಗು” ಎಂದು ತಿದ್ದಿದೆ. ಮೊದಲ ವಿನ್ಯಾಸದಲ್ಲಿ ಮುಕ್ಕಾಲು ಜಾಗವನ್ನು ಮಂಗವೇ ತುಂಬಿತ್ತು. ಈ ರೋಗ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಾಗ ಮಂಗಗಳು ಸಾಯುತ್ತಿದ್ದುದರಿಂದ ಈ ಹೆಸರು ಅಂಟಿಕೊಂಡಿತು, ಆದರೆ ಮನುಷ್ಯನಿಗೆ ಅದನ್ನು ತಲುಪಿಸುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನ ಮರಿ. ಮಂಗ ಸತ್ತಾಗ ಉಣುಗುಗಳು ಅದರ ಮೈಯಿಂದ ಉದುರಿ ಸುತ್ತಲಿನ ನೆಲಕ್ಕೆ ಹರಡುತ್ತವೆ, ಬೇಸಿಗೆಯ ಮೊದಲು ದರಕು (ಒಣಗಿದ ಎಲೆ) ತರಲು ಸೊಪ್ಪಿನ ಬೆಟ್ಟಕ್ಕೆ ಹೋದವರಿಗೆ ಅಂಟಿಕೊಳ್ಳುತ್ತವೆ. ಇಷ್ಟನ್ನು ಹೇಳಿದ ಮೇಲೆ ಹುಡುಗ ಮಂಗವನ್ನು ಮೂಲೆಗೆ ಸರಿಸಿ, ಎಳ್ಳುಕಾಳಿನಷ್ಟಿರುವ ಉಣುಗನ್ನು ಅಂಗೈ ಅಗಲಕ್ಕೆ ಹಿಗ್ಗಿಸಿ, ಎಂಟು ಕಾಲುಗಳನ್ನೂ ಎಣಿಸಿ ಬಿಡಿಸಿದ.

ಕೊರತೆಗಳೂ ಇವೆ. ಎರಡು ದಿನದಲ್ಲಿ ಕೊಡುತ್ತೇವೆಂದವರು ಕೊಟ್ಟದ್ದು ಐದನೆಯ ದಿನ. ಚಿತ್ರವನ್ನು ಟ್ರೇಸ್ ಮಾಡಲು, ಅಂದರೆ ರೇಖೆಗಳಾಗಿ ಮತ್ತೆ ಬಿಡಿಸಲು, 300 ರೂಪಾಯಿ ಬೇರೆ ಎಂಬುದನ್ನು ಬಿಲ್ ಬರೆಯುವಾಗ ಹೇಳಿದರು. ಒಟ್ಟು 1,150 ಆಯಿತು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬಟ್ಟೆಯ ಬ್ಯಾನರಿಗೆ ದುಬಾರಿಯೆನ್ನಲಾರೆ, ಮೊದಲೇ ಹೇಳಬೇಕಿತ್ತು ಅಷ್ಟೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ಅವರು ಮುದ್ರಿಸುವುದಿಲ್ಲ, 2016ರ ರಾಜ್ಯ ಸರಕಾರದ ನಿಷೇಧದಲ್ಲಿ ಅದೂ ಸೇರಿದೆ ಎಂಬುದನ್ನು ಬಾಗಿಲಲ್ಲೇ ಅಂಟಿಸಿದ್ದಾರೆ. ಅವರ ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಸರಿಹೋಗದ ಕಾರಣ ಮೊದಲ ಪ್ರೂಫಿನಲ್ಲಿ “ಸತ್ತ ಮಂಗ”ದ ತಕಾರದ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿತ್ತು, ಪೂರ್ತಿ ಬರಹವನ್ನು ‘ನುಡಿ’ ತಂತ್ರಾಂಶದಲ್ಲಿ ಮತ್ತೆ ಬೆರಳಚ್ಚು ಮಾಡಬೇಕಾಯಿತು.

ಹೋಗುವವರು ಒಂದನ್ನು ಗಮನಿಸಿ. ಕೊನೆಗೆ ಅವರು ಅಕ್ಷರಗಳನ್ನೂ “ಕರ್ವ್” ಮಾಡಿಬಿಡುತ್ತಾರೆ, ಆಗ ಅಕ್ಷರ ಬರಿಯ ಆಕಾರವಾಗುತ್ತದೆ. ಯಾವ ಯಂತ್ರದಲ್ಲೂ ಕೆಡುವುದಿಲ್ಲ, ತಿದ್ದಲೂ ಆಗುವುದಿಲ್ಲ. ಸಿದ್ದಾಪುರದ ಕಡೆಯ ಸಂಘವೊಂದು ಅದೇ ಫೈಲನ್ನು ಹತ್ತು ಅಡಿಗೆ ಕೇಳಿದಾಗ ಉಣುಗು ಒಂದಿಷ್ಟೂ ಒಡೆಯದೆ ಬಂತು. ಕೆಳಗಿದ್ದ ನಮ್ಮೂರಿನ ಆರೋಗ್ಯ ಕೇಂದ್ರದ ಫೋನ್ ಸಂಖ್ಯೆಯನ್ನು ಮಾತ್ರ ಹುಡುಗ ಒಂದೊಂದೇ ಅಂಕಿಯಾಗಿ ಅಳಿಸಿ ಹೊಸದನ್ನು ಕೂರಿಸಿದ.