ನಮ್ಮ ಬಿಸಿಲಿಗೆ ವೈನ್ ಎಲ್ಲಿಡಬೇಕು: ಕಲ್ಲುಮನೆ, ಮಡಕೆ, ಫ್ರಿಡ್ಜ್, ವೈನ್ ಕೂಲರ್

ರೆಡ್ ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕು ಅನ್ನುವ ಮಾತು ಯುರೋಪಿನ ಹಳೇ ಮನೆಗಳದ್ದು. ಅಲ್ಲಿ ಕೋಣೆ ಅಂದರೆ 16ರಿಂದ 18 ಡಿಗ್ರಿ. ಚಿಕ್ಕಬಳ್ಳಾಪುರದಲ್ಲಿ ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಮನೆಯೊಳಗೆ ಥರ್ಮಾಮೀಟರ್ 32 ದಾಟುತ್ತದೆ. ಆ ಬಿಸಿಗೆ ಎಂಥ ಒಳ್ಳೆ ಶಿರಾಜ್ (ಒಂದು ಬಗೆಯ ರೆಡ್ ವೈನ್) ಆದರೂ ಮೂಗಿಗೆ ಮೊದಲು ಬಡಿಯುವುದು ಸ್ಪಿರಿಟ್ ವಾಸನೆ. ಹಣ್ಣಿನ ಘಮ ಅದರಡಿ ಮುಚ್ಚಿಹೋಗುತ್ತದೆ.

ಇಲ್ಲಿ ಕೆಲಸ ಎರಡು. ತಿಂಗಳುಗಟ್ಟಲೆ ಇಡುವುದಾದರೆ 12ರಿಂದ 14 ಡಿಗ್ರಿ ಬೇಕು, ಅದೂ ಏರಿಳಿತವಿಲ್ಲದೆ, ಕತ್ತಲಲ್ಲಿ. ಬಡಿಸುವಾಗ ನೊರೆ ಬರುವ ಸ್ಪಾರ್ಕ್ಲಿಂಗ್‌ಗೆ 6–8, ಹಗುರ ವೈಟ್ ಮತ್ತು ಗುಲಾಬಿ ಬಣ್ಣದ ರೋಸೆಗೆ 8–10, ದಪ್ಪ ರೆಡ್‌ಗೆ 16–18 ಸರಿ. ಒಂದೇ ಸಲಕರಣೆಗೆ ಎರಡೂ ಕೆಲಸ ಹೊರಿಸಿದರೆ ಒಂದಾದರೂ ಕೆಡುತ್ತದೆ.

ಮೊದಲು ಕರೆಂಟ್ ಬೇಡದ ದಾರಿಗಳು. ಮಣ್ಣಿನ ಗೋಡೆ, ಕಲ್ಲು ಚಪ್ಪಡಿಯ ಹಳೇ ಮನೆಯ ಉಗ್ರಾಣ ಆರ್‌ಸಿಸಿ ಕೋಣೆಗಿಂತ ನಾಲ್ಕೈದು ಡಿಗ್ರಿ ತಂಪು. ಹಗಲು ರಾತ್ರಿಯ ಏರಿಳಿತವೂ ಕಡಿಮೆ. ಆದರೂ ಬೇಸಿಗೆಯಲ್ಲಿ 27ರ ಕೆಳಗೆ ಇಳಿಯುವುದಿಲ್ಲ. ನೆಲಮಾಳಿಗೆ ತೋಡಿದರೂ ಅಷ್ಟೇ. ನೆಲದ ಆಳದ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ, ನಮ್ಮ ಬಯಲುಸೀಮೆಯಲ್ಲಿ ಅದು 24ರ ಆಸುಪಾಸು. ಫ್ರಾನ್ಸಿನ ನೆಲಮಾಳಿಗೆ ತಂಪಾಗಿರುವುದು ಅಲ್ಲಿನ ನೆಲ ತಂಪು ಅಂತ, ಗುಂಡಿಯ ಮಹಿಮೆಯಿಂದಲ್ಲ. ಹಳೇ ಹಗೇವು (ಧಾನ್ಯ ತುಂಬಿಡುವ ನೆಲದಡಿಯ ಗುಂಡಿ) ಇರುವ ಮನೆಗಳಲ್ಲಿ ಅದು ನೆನಪಾಗುವುದು ಸಹಜ. ಖಂಡಿತ ಬೇಡ: ಬೇಕಾದಷ್ಟು ತಂಪು ಸಿಗುವುದಿಲ್ಲ, ಮೇಲಾಗಿ ಮುಚ್ಚಿದ ಹಗೇವಿಗೆ ಇಳಿದವರು ಗಾಳಿ ಕೆಟ್ಟು ಉಸಿರುಗಟ್ಟಿ ಸಾಯುವ ಅಪಾಯವಿದೆ.

ಮಡಕೆಯ ವಿಚಾರ ಬೇರೆ. ಬಾಯಿ ಅಗಲದ ಮಡಕೆಗೆ ನೀರು ತುಂಬಿ, ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ, ಸುತ್ತ ಒದ್ದೆ ಗೋಣಿತಾಟು ಸುತ್ತಿ, ಗಾಳಿ ಬರುವ ಕಿಟಕಿಯ ನೆರಳಲ್ಲಿ ಇಡಬೇಕು. ಏಪ್ರಿಲ್‌ನ ಒಣ ಗಾಳಿಯಲ್ಲಿ, ಹೊರಗೆ 35 ಇರುವಾಗ, ಮೂರ್ನಾಲ್ಕು ಗಂಟೆಗೆ ಬಾಟಲಿ 23ಕ್ಕೆ ಬರುತ್ತದೆ. ರೆಡ್ ಕುಡಿಯಲು ಇದು ಇನ್ನೂ ಬಿಸಿಯೇ, ಆದರೆ ಕೋಣೆಯಲ್ಲಿಟ್ಟದ್ದಕ್ಕಿಂತ ಎಷ್ಟೋ ವಾಸಿ. ಜುಲೈ–ಆಗಸ್ಟ್‌ನಲ್ಲಿ ಗಾಳಿಯೇ ತೇವ, ನೀರು ಆರುವುದಿಲ್ಲ, ಎರಡು ಡಿಗ್ರಿ ಇಳಿದರೆ ಹೆಚ್ಚು. ಹೊಸ ಮಡಕೆಯೇ ಮೇಲು. ಹಳೇ ಮಡಕೆಯ ರಂಧ್ರಗಳಲ್ಲಿ ಉಪ್ಪುನೀರಿನ ಬಿಳಿ ಪೊರೆ ಕಟ್ಟಿ ಜಿನುಗುವುದೇ ನಿಂತಿರುತ್ತದೆ. ನಮ್ಮ ಬೋರ್‌ವೆಲ್ ನೀರಿಗೆ ಇದು ಬೇಗ ಆಗುತ್ತದೆ.

ಬಡಿಸಲು ಐಸ್ ಬಕೆಟ್ಟನ್ನು ಮೀರಿಸುವಂಥದ್ದು ಇಲ್ಲ. ಒಂದೂವರೆ ಕೆಜಿ ಐಸ್, ಒಂದೂವರೆ ಲೀಟರ್ ನೀರು, ಎರಡು ಹಿಡಿ ಹರಳುಪ್ಪು. 28 ಡಿಗ್ರಿಯ ಬಾಟಲಿ ಇಪ್ಪತ್ತು ನಿಮಿಷದೊಳಗೆ 10ಕ್ಕೆ ಇಳಿಯುತ್ತದೆ; ರೆಡ್‌ಗೆ ಹತ್ತು ನಿಮಿಷ ಧಾರಾಳ. ನೀರು ಹಾಕದೆ ಬರೀ ಐಸ್ ತುಂಬಿದರೆ ಹರಳು ಹರಳಿನ ನಡುವೆ ಗಾಳಿ ನಿಂತು ಹೊತ್ತು ಎರಡರಷ್ಟಾಗುತ್ತದೆ. ಕತ್ತೂ ಮುಳುಗಲಿ, ಇಲ್ಲದಿದ್ದರೆ ಮೊದಲ ಲೋಟ ಬೆಚ್ಚಗೇ ಬರುತ್ತದೆ.

ಫ್ರಿಡ್ಜ್‌ನಲ್ಲಿ ಅದೇ ಕೆಲಸಕ್ಕೆ ಮೂರು ಗಂಟೆ ಹಿಡಿಯುತ್ತದೆ. ರೆಡ್‌ಗೆ ಮುಕ್ಕಾಲರಿಂದ ಒಂದೂಕಾಲು ಗಂಟೆ ಸಾಕು. ಫ್ರೀಜರ್‌ನಲ್ಲಿ ಒಂದು ಗಂಟೆ, ಆದರೆ ಅಲಾರಂ ಇಟ್ಟುಕೊಳ್ಳದೆ ಬೇಡ: ವೈನ್ ಮೈನಸ್ 5–6 ಡಿಗ್ರಿಗೆ ಹೆಪ್ಪುಗಟ್ಟಿ, ಹಿಗ್ಗಿ, ಕಾರ್ಕ್ ತಳ್ಳುತ್ತದೆ, ಸ್ಪಾರ್ಕ್ಲಿಂಗ್ ಬಾಟಲಿ ಸಿಡಿಯುತ್ತದೆ. ಅಡುಗೆಮನೆಯ ಫ್ರಿಡ್ಜ್‌ನಲ್ಲಿ ಒಂದೆರಡು ತಿಂಗಳಿಗಿಂತ ಹೆಚ್ಚು ಕಾಲ ಕಾರ್ಕಿನ ಬಾಟಲಿ ಇಡಬಾರದು. ಒಣ ಗಾಳಿಗೆ ಕಾರ್ಕ್ ಕುಗ್ಗುತ್ತದೆ, ಮಾವಿನಕಾಯಿ, ಈರುಳ್ಳಿ ವಾಸನೆ ಒಳಗೆ ಸೇರುತ್ತದೆ. ತಿರುಪಿನ ಮುಚ್ಚಳಕ್ಕೆ ಈ ಚಿಂತೆ ಕಡಿಮೆ. ತೆರೆದ ರೆಡ್ ಮಾತ್ರ ಫ್ರಿಡ್ಜ್‌ಗೇ ಹೋಗಲಿ, ಮೂರ್ನಾಲ್ಕು ದಿನ ತಡೆಯುತ್ತದೆ.

ಇನ್ನು ವೈನ್ ಕೂಲರ್. ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಮಾದರಿ ಸದ್ದಿಲ್ಲದೆ ನಡೆಯುತ್ತದೆ, ಬೆಲೆಯೂ ಕಡಿಮೆ, ಅದಕ್ಕೇ ಜನ ಮೋಸಹೋಗುತ್ತಾರೆ. ಅದು ಕೋಣೆಗಿಂತ ಹದಿನಾಲ್ಕೈದು ಡಿಗ್ರಿ ಕೆಳಗೆ ಇಳಿಸಬಲ್ಲದು, ಅಷ್ಟೇ. ಕೋಣೆ 34 ಇದ್ದಾಗ ಡಿಸ್‌ಪ್ಲೇಯಲ್ಲಿ 12 ಅಂತ ಹೊಂದಿಸಿದರೂ ಒಳಗೆ 19–20, ಫ್ಯಾನ್ ಹಗಲೂ ರಾತ್ರಿ ತಿರುಗುತ್ತಲೇ ಇರುತ್ತದೆ. ನಮ್ಮ ಜಿಲ್ಲೆಗೆ ಕಂಪ್ರೆಸರ್ ಮಾದರಿಯೇ ಆಗಬೇಕು.

ಅದಕ್ಕೆ ದುಡ್ಡು ಸುರಿಯಲು ಮನಸ್ಸಿಲ್ಲದಿದ್ದರೆ ಸುಸ್ಥಿತಿಯ ಸೆಕೆಂಡ್ ಹ್ಯಾಂಡ್ ಸಿಂಗಲ್ ಡೋರ್ ಫ್ರಿಡ್ಜ್ ಮತ್ತು ಒಳಗಿನ ತಂಪು ನೋಡಿಕೊಂಡು ಫ್ರಿಡ್ಜ್‌ಗೆ ಕರೆಂಟ್ ಕೊಡುವ, ಕಡಿಯುವ ಒಂದು ಡಿಜಿಟಲ್ ಟೆಂಪರೇಚರ್ ಕಂಟ್ರೋಲರ್ ಸಾಕು. ನನ್ನ ಓಟು ಇದಕ್ಕೇ. ಫ್ರಿಡ್ಜ್‌ನ ಗುಬುಟನ್ನು ಪೂರ್ತಿ ತಂಪಿಗೆ ತಿರುಗಿಸಿ, ಪ್ಲಗ್ಗನ್ನು ಕಂಟ್ರೋಲರ್ ಮೂಲಕ ಕೊಡಿ. ಸೆನ್ಸರ್ ಅನ್ನು ಗಾಳಿಯಲ್ಲಿ ತೂಗಬಿಡದೆ ನೀರು ತುಂಬಿದ ಬಾಟಲಿಗೆ ಇಳಿಬಿಡಿ. ಆಗ ಬಾಗಿಲು ತೆರೆದಾಗಲೆಲ್ಲ ಕಂಪ್ರೆಸರ್ ಎದ್ದು ಕೂರುವುದಿಲ್ಲ. ಕಂಟ್ರೋಲರ್‌ನಲ್ಲಿ ಹೀಗೆ ಹೊಂದಿಸಿ: 13 ಡಿಗ್ರಿ, ವ್ಯತ್ಯಾಸ (ಎಷ್ಟು ಡಿಗ್ರಿ ಏರಿದರೆ ಮತ್ತೆ ಚಾಲೂ ಆಗಬೇಕು ಅನ್ನುವುದು) 1, ಮರುಚಾಲನೆಯ ತಡ 5 ನಿಮಿಷ. ಕರೆಂಟ್ ಹೋಗಿ ತಕ್ಷಣ ಬಂದರೆ ಒತ್ತಡ ಇಳಿಯದ ಕಂಪ್ರೆಸರ್ ಎಳೆಯಲಾರದೆ ಸುಟ್ಟುಹೋಗಬಹುದು, ಆ ಐದು ನಿಮಿಷ ಅದನ್ನು ಕಾಯುತ್ತದೆ. ಮೇಲಿನ ಐಸ್ ಪೆಟ್ಟಿಗೆಗೆ ಬಾಟಲಿ ತಾಗದಿರಲಿ. ಮಳೆಗಾಲದಲ್ಲಿ ಒಳಗೋಡೆ ಬೆವರಿ ಲೇಬಲ್‌ಗೆ ಬೂಷ್ಟು ಹಿಡಿಯುತ್ತದೆ, ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ.

ಲೋಟಕ್ಕೆ ಸುರಿದ ಮೇಲೂ ವೈನ್ ಬಿಸಿಯಾಗುತ್ತಲೇ ಇರುತ್ತದೆ, ಹಾಗಾಗಿ ಒಮ್ಮೆಗೆ 100 ಮಿಲಿ ಸಾಕು. ಐಸ್ ಹಾಕಿದರೆ ನೀರಾಗುತ್ತದೆ. ಬದಲಿಗೆ ದಿಲ್‌ಖುಷ್ ದ್ರಾಕ್ಷಿ ಬಿಡಿಸಿ, ತೊಳೆದು, ತೇವ ಪೂರ್ತಿ ಒರೆಸಿ ಫ್ರೀಜರ್‌ನಲ್ಲಿಟ್ಟುಕೊಳ್ಳಿ, ಲೋಟಕ್ಕೆ ನಾಲ್ಕು. ಬೆಂಗಳೂರು ನೀಲಿ ದ್ರಾಕ್ಷಿಯ ಘಮ ಜೋರು, ವೈಟ್ ವೈನಿನ ಘಮವನ್ನು ನುಂಗಿಬಿಡುತ್ತದೆ; ಅದೇ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನಿಗಾದರೆ ಹೇಳಿಮಾಡಿಸಿದ ಜೋಡಿ.