ಏಳು ವರ್ಷದ .32 ರಿವಾಲ್ವರ್: ಗನ್ನಿಗಿಂತ ತೋಟಾದ ಲೆಕ್ಕವೇ ದೊಡ್ಡದು

ಕಾರಟಗಿ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಭತ್ತ ಗಿರಣಿಗೆ ಬರತೊಡಗಿದರೆ ರೈತರಿಗೆ, ಹಮಾಲರಿಗೆ, ಲಾರಿಯವರಿಗೆ ನಗದು ಕೊಡಬೇಕು. ಸುಗ್ಗಿಯಲ್ಲಿ ರಾತ್ರಿ ಹನ್ನೊಂದಕ್ಕೆ ದುಡ್ಡಿನ ಚೀಲ ಹಿಡಿದು ಮನೆಗೆ ಬಂದ ದಿನಗಳು ಎಷ್ಟೋ. ಅದಕ್ಕೇ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದೆ. ಪೊಲೀಸ್ ವಿಚಾರಣೆ ಎಲ್ಲ ಮುಗಿದು ಕೊಪ್ಪಳದ ಜಿಲ್ಲಾಧಿಕಾರಿ ಕಚೇರಿಯಿಂದ ಅದು ಕೈಗೆ ಬಂದದ್ದು 2017ರ ಕೊನೆಗೆ. 2018ರ ಜನವರಿಯಲ್ಲಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ತಗೊಂಡೆ. .32 ಅನ್ನುವುದು ಬೋರು, ಅಂದರೆ ನಳಿಗೆಯ ಒಳ ಅಳತೆ. ಏಳು ವರ್ಷ ದಾಟಿದೆ. ಹೊಸದಾಗಿ ಲೈಸೆನ್ಸ್ ಸಿಕ್ಕವರು ಯಾರು ಬಂದು ಕೇಳಿದರೂ ನಾನು ಗನ್ನಿನ ಮಾತು ಆಮೇಲೆ ಎತ್ತುತ್ತೇನೆ. ಮೊದಲು ತೋಟಾದ ಮಾತು.

ಇದನ್ನು ನನಗೆ ಕಲಿಸಿದ್ದು ನಮ್ಮ ಸೋದರಮಾವನ ಪಿಸ್ತೂಲು. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕ .25 ಬೋರಿನ ವಿದೇಶಿ ಪಿಸ್ತೂಲು. ಯಂತ್ರ ಗಡಿಯಾರದ ಹಾಗೆ ನಯವಾಗಿತ್ತು. ಆದರೆ ಮಾವನ ಹತ್ತಿರ ಇದ್ದದ್ದು ಏಳೇ ತೋಟಾ. ಹಿತ್ತಾಳೆ ಮೇಲೆ ಹಸಿರು ಕಿಲುಬು ಹಿಡಿದಿತ್ತು. .25 ತೋಟಾ ನಮ್ಮ ದೇಶದ ಸರ್ಕಾರಿ ಕಾರ್ಖಾನೆಗಳ ಮಾಮೂಲಿ ಸರಕಲ್ಲ. ಎಲ್ಲಾದರೂ ಹಳೇ ಆಮದಿನ ಮಾಲು ಸಿಕ್ಕರೆ ಅಂಗಡಿಯವರು ಹೇಳಿದ್ದೇ ರೇಟು. ಮಾವ ಇಪ್ಪತ್ತು ವರ್ಷ ಅದನ್ನು ಸೊಂಟದಲ್ಲಿ ಇಟ್ಟುಕೊಂಡು ಓಡಾಡಿದರು. ಒಮ್ಮೆಯೂ ಗುರಿ ಹೊಡೆದು ಅಭ್ಯಾಸ ಮಾಡಲಿಲ್ಲ. ಹೊಡೆದರೆ ತೀರಿಹೋಗುತ್ತದೆ ಎಂಬ ಭಯ. "ನಿನ್ನ ಲೈಸೆನ್ಸ್‌ಗೆ ಇದನ್ನೇ ಏರಿಸ್ಕೋ, ಅಳಿಯಾ" ಅಂದಿದ್ದರು. ಪ್ರೀತಿಯಿಂದ ಅಂದ ಮಾತು. ಬೇಡ ಎನ್ನಲು ನನಗೆ ಬಹಳ ಸಂಕಟ ಆಯಿತು.

ಆಗ ಹುಬ್ಬಳ್ಳಿಯ ಒಂದು ಬಂದೂಕಿನ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಹೇಳಿದ್ದು ಇನ್ನೂ ನೆನಪಿದೆ. "ಸಾವ್ಕಾರ್ರ, ಗನ್ನು ಒಮ್ಮೆ ತಗೋತೀರಿ. ತೋಟಾ ವರ್ಷಾ ವರ್ಷಾ ತಗೋಬೇಕಾಗ್ತದ. ಯಾವ ತೋಟಾ ಸಿಗತೈತಿ ಅದರ ಗನ್ನು ತಗೋರಿ."

ಸಿನಿಮಾದಲ್ಲಿ ನೋಡುವ 9 ಎಂಎಂ ನಮಗೆ ಸಿಗುವುದಿಲ್ಲ. 9 ಎಂಎಂ, .38, .455 ಇವೆಲ್ಲ ನಿಷೇಧಿತ ಬೋರು. ಸೇನೆ, ಪೊಲೀಸರು ಬಳಸುವ ಅಥವಾ ಹಿಂದೆ ಬಳಸುತ್ತಿದ್ದ ಅಳತೆಗಳು. ಸಾಮಾನ್ಯ ಲೈಸೆನ್ಸ್‌ನವರ ಪಾಲಿಗೆ ಉಳಿಯುವುದು ಹೆಚ್ಚಾಗಿ .32 ಮತ್ತು .22. ವಿದೇಶದಿಂದ ಗನ್ನು ತರಿಸಿಕೊಳ್ಳುವ ದಾರಿ 1980ರ ದಶಕದಲ್ಲೇ ನಮ್ಮಂಥವರಿಗೆ ಮುಚ್ಚಿಹೋಗಿದೆ. ವಿದೇಶಿ ಕಂಪನಿಗಳ ಹಳೇ ವೆಬ್ಲಿ, ಕೋಲ್ಟ್‌ಗಳು ಲೈಸೆನ್ಸ್‌ನಿಂದ ಲೈಸೆನ್ಸ್‌ಗೆ ಲಕ್ಷಗಟ್ಟಲೆ ಬೆಲೆಗೆ ಕೈ ಬದಲಾಗುತ್ತವೆ. ಇನ್ನೊಂದು ವಿಷಯ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಗನ್ನು. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ನನ್ನ ಲೈಸೆನ್ಸ್‌ನಲ್ಲಿ ಅಪ್ಪನ ಹನ್ನೆರಡು ಬೋರಿನ ಜೋಡು ನಳಿಗೆ ಬಂದೂಕು ಒಂದಾಯಿತು. ಈಗ ಉಳಿಯುವುದು ಒಂದೇ ಜಾಗ. ನಾನು ಮುಂಚೆಯೇ ಅದನ್ನು ತೋಟಾ ಸಿಗದ ಗನ್ನಿಗೆ ಕೊಟ್ಟಿದ್ದರೆ ಸುಮ್ನೆ ವ್ಯರ್ಥ ಆಗ್ತಿತ್ತು, ಅಲ್ವಾ?

.22 ಕೂಡ ಯೋಚಿಸಿದ್ದೆ. ತೋಟಾ ಅಗ್ಗ, ಹೊಡೆದಾಗ ಕೈಗೆ ಒದೆತವೂ ಇಲ್ಲ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ .22ರಲ್ಲಿ ಕಿಡಿ ಹೊತ್ತಿಸುವ ಮಸಾಲೆ ತೋಟಾದ ಅಂಚಿನೊಳಗೆ ಇರುತ್ತದೆ. ಬುಡದ ನಡುವೆ ಆ ಮಸಾಲೆಯ ಬೇರೆ ಟೋಪಿ ಇರುವ ತೋಟಾಕ್ಕೆ ಹೋಲಿಸಿದರೆ ಇದು ಹೊತ್ತದೆ ಹೋಗುವುದು ಜಾಸ್ತಿ. ಪ್ರಾಣರಕ್ಷಣೆಗೆ ಅಂತ ಇಟ್ಟುಕೊಳ್ಳುವಾಗ ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ತಗೊಂಡ .32 ರಿವಾಲ್ವರ್ ಆರು ಗುಂಡಿನದು. ಮೂರಿಂಚಿನ ನಳಿಗೆ, ತೂಕ ಮುಕ್ಕಾಲು ಕಿಲೋ ಹತ್ತಿರ. ಹಳೇ ವೆಬ್ಲಿ ಮಾದರಿ. ಮೇಲಿನ ಕೊಂಡಿ ಒತ್ತಿ ನಳಿಗೆ ಬಗ್ಗಿಸಿದರೆ ಗನ್ನು ನಡುವೆ ಮಡಚಿಕೊಂಡು ಹೊಡೆದ ತೋಟಾದ ಖಾಲಿ ಕೇಸುಗಳು, ಅಂದರೆ ಹಿತ್ತಾಳೆ ಕವಚಗಳು, ತಾವೇ ಮೇಲೆದ್ದು ಬರುತ್ತವೆ. ಆಗ 28 ಪರ್ಸೆಂಟ್ ಜಿಎಸ್‌ಟಿ ಸೇರಿ ಲಕ್ಷ ರೂಪಾಯಿ ದಾಟಿತ್ತು. ಕುದುರೆ, ಅಂದರೆ ತೋಟಾದ ಬುಡಕ್ಕೆ ಬಡಿಯುವ ಸುತ್ತಿಗೆ, ಎಳೆಯದೆ ನೇರವಾಗಿ ಒತ್ತಿದರೆ ಟ್ರಿಗರ್ ಭಾರ. ಈ ಮಾದರಿಯೇ ಹಾಗೆ. ಕುದುರೆ ಎಳೆದು ಹೊಡೆದರೆ ಹಗುರ. ಭಾರದ ಟ್ರಿಗರ್‌ಗೆ ಬೆರಳು ಒಗ್ಗಲು ನನಗೆ ಎರಡು ವರ್ಷ ಹಿಡಿಯಿತು. ಗನ್ನಿನ ಬಗ್ಗೆ ಇಷ್ಟು ಸಾಕು. ಏಳು ವರ್ಷದಲ್ಲಿ ರಿಪೇರಿ ಅಂತ ಒಂದು ರೂಪಾಯಿ ಖರ್ಚಾಗಿಲ್ಲ. ಹೊಡೆದ ದಿನವೇ ಬ್ರಷ್ ಹಾಕಿ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಇಡುತ್ತೇನೆ.

ಖರ್ಚೆಲ್ಲ ತೋಟಾದ್ದು. ನನ್ನ ಲೈಸೆನ್ಸ್‌ನಲ್ಲಿ ಒಮ್ಮೆಗೆ 25, ವರ್ಷಕ್ಕೆ 50 ಅಂತ ಬರೆದಿದ್ದಾರೆ. 2018ರಲ್ಲಿ ನಾನು ಒಂದಕ್ಕೆ 90 ರೂಪಾಯಿ ಕೊಟ್ಟಿದ್ದೆ. ಹೋದ ಸಲ 180 ಕೊಟ್ಟೆ. ಅಂದರೆ ವರ್ಷದ 50 ಪೂರ್ತಿ ತಗೊಂಡರೆ ಒಂಬತ್ತು ಸಾವಿರ. ಅದರ ಮೇಲೆ ಹುಬ್ಬಳ್ಳಿಗೆ ಎರಡು ಸಲ ಹೋಗಿ ಬರುವ ಖರ್ಚು. ಇದೇ ಗತಿಯಲ್ಲಿ ಹೋದರೆ ಹನ್ನೆರಡು ವರ್ಷ ಆಗುವುದರೊಳಗೆ ತೋಟಾದ ಖರ್ಚು ಗನ್ನಿನ ಬೆಲೆಯನ್ನು ಮೀರಿಸುತ್ತದೆ.

ನಾನು ತಗೊಳ್ಳುವ ತೋಟಾದ ಬುಡ ತಿರುಗಿಸಿ ನೋಡಿದರೆ ಕೆಎಫ್ ಅಂತ ಅಚ್ಚು ಇರುತ್ತದೆ. ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯದು. ಊರನ್ನು ಬ್ರಿಟಿಷರು ಕಿರ್ಕಿ ಅನ್ನುತ್ತಿದ್ದರು, ಆ ಅಕ್ಷರ ಹಾಗೇ ಉಳಿದಿದೆ. 2021ರ ಅಕ್ಟೋಬರ್ 1ಕ್ಕೆ ಸರ್ಕಾರಿ ಶಸ್ತ್ರ ಕಾರ್ಖಾನೆಗಳ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ ಒಡೆದು ಏಳು ಕಂಪನಿ ಆದಾಗ ಖಡ್ಕಿ ಒಂದು ಕಂಪನಿಗೆ ಹೋಯಿತು, ಕಾನ್ಪುರ ಇನ್ನೊಂದಕ್ಕೆ. ಖಡ್ಕಿಯ ಮಾಲು ಬರದಿದ್ದರೆ ನಾನು ಹೋಗುವ ಅಂಗಡಿಯ ಕಪಾಟು ಖಾಲಿ. 2020ರ ಲಾಕ್‌ಡೌನ್ ಮುಗಿದು ಅಂಗಡಿ ತೆರೆದ ಮೇಲೂ ನನಗೆ ಎಂಟು ತಿಂಗಳು ತೋಟಾ ಸಿಗಲಿಲ್ಲ. ಆಗ ಉಳಿದದ್ದು ಹದಿನಾಲ್ಕು. ಎರಡು ಸಲ ತುಂಬುವಷ್ಟು, ಮೇಲೆ ಎರಡು. ಅವತ್ತು ಮಾವನ ಏಳು ತೋಟಾ ನೆನಪಾದವು. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ಹದಿನೆಂಟಕ್ಕಿಂತ ಕೆಳಗೆ ಇಳಿದರೆ ತಡ ಮಾಡುವುದಿಲ್ಲ. ಅಂಗಡಿಗೆ ಫೋನ್ ಮಾಡಿ ಸ್ಟಾಕ್ ಇದೆ ಅಂದ ವಾರವೇ ಹೋಗಿ ತರುತ್ತೇನೆ. ರೇಟ್ ಇಳಿಯಲಿ ಅಂತ ಕಾಯುವುದಿಲ್ಲ.

ಹೊಸಬರು ಇದನ್ನು ದಯವಿಟ್ಟು ಗಮನಿಸಿ. ".32" ಅಂದರೆ ಒಂದೇ ತೋಟಾ ಅಲ್ಲ. ರಿವಾಲ್ವರಿನದು .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸ್ಸನ್) ಲಾಂಗ್, 1896ರ ಕಾಲದ ಮಾದರಿ. ಪಿಸ್ತೂಲಿನದು .32 ಎಸಿಪಿ, ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ 1899ರಲ್ಲಿ ಮಾಡಿದ್ದು. ರಿವಾಲ್ವರಿನ ಕೇಸು 23 ಮಿಲಿಮೀಟರ್‌ಗೂ ಉದ್ದ, ಪಿಸ್ತೂಲಿನದು 17. ಒಂದು ಸಲ ನನಗೆ ಬಿಲ್ಲಿನಲ್ಲಿ ಬರೀ .32 ಅಂತ ಬರೆದು ಪಿಸ್ತೂಲಿನ ಡಬ್ಬಿ ಕೊಟ್ಟುಬಿಟ್ಟಿದ್ದರು. ಹುಡುಗ ಹೊಸಬ, ನಾನೂ ಅವಸರದಲ್ಲಿದ್ದೆ. ಗದಗ ದಾಟುವ ಹೊತ್ತಿಗೆ ಚಹಾಕ್ಕೆ ಗಾಡಿ ನಿಲ್ಲಿಸಿ ಡಬ್ಬಿ ತೆರೆದೆ. ತೋಟಾ ಮೋಟು. ಎದೆ ಧಸಕ್ಕೆಂದಿತು. ಆ ಮೋಟು ತೋಟಾ ರಿವಾಲ್ವರಿನ ಗುಂಡಿನ ಮನೆಯೊಳಗೆ ಹೋಗಿಯೂ ಹೋಗುತ್ತದೆ. ಆದರೆ ಆ ಗನ್ನು ಅದಕ್ಕಾಗಿ ಮಾಡಿದ್ದಲ್ಲ, ಹೊಡೆಯುವುದು ಅಪಾಯ. ತಿರುಗಿ ಹೋಗಿ ಬದಲಾಯಿಸಿ, ರಿಜಿಸ್ಟರ್ ಮತ್ತು ಲೈಸೆನ್ಸ್ ಪುಟ ಎರಡನ್ನೂ ತಿದ್ದಿಸಿ ಸಹಿ ಹಾಕಿಸಿಕೊಂಡೆ. ಅಂಗಡಿಯ ಗಲ್ಲೆ ಮೇಲೆಯೇ ಡಬ್ಬಿ ತೆರೆದು ನೋಡಿ.

ವರ್ಷದ 50ರಲ್ಲಿ ಮೂವತ್ತನ್ನು ರೈಫಲ್ ಕ್ಲಬ್ಬಿನ ರೇಂಜ್‌ನಲ್ಲಿ ಎರಡು ಸಲ ಹೊಡೆಯುತ್ತೇನೆ. ಮೂವತ್ತು ತೋಟಾಕ್ಕೆ ಕೈ ಪಳಗುವುದಿಲ್ಲ. ಅದಕ್ಕೇ ಮನೆಯಲ್ಲಿ .177 ಏರ್ ಪಿಸ್ತೂಲ್ ಇಟ್ಟಿದ್ದೇನೆ. ಹೊಡೆತದ ಶಕ್ತಿ 20 ಜೂಲ್ ಒಳಗಿನ .177ಗೆ ಲೈಸೆನ್ಸ್ ಬೇಡ. ಒಂದು ಡಬ್ಬಿ ಪೆಲೆಟ್ ತಿಂಗಳುಗಟ್ಟಲೆ ಬರುತ್ತದೆ. ಗಿರಣಿಯ ಹಿಂದೆ ಹೊಟ್ಟು ತುಂಬಿದ ಚೀಲಗಳ ಸಾಲು, ಅದರ ಹಿಂದೆ ಗಟ್ಟಿ ಗೋಡೆ, ಹತ್ತು ಮೀಟರ್ ದೂರ. ಭಾನುವಾರ ಬೆಳಿಗ್ಗೆ ಹಮಾಲರು ಯಾರೂ ಇಲ್ಲದಾಗ ಐವತ್ತು ಹೊಡೆಯುತ್ತೇನೆ. ರಿವಾಲ್ವರಿಗೆ ಡಮ್ಮಿ ತೋಟಾ ಹಾಕಿ ಭಾರದ ಟ್ರಿಗರ್ ಒತ್ತುವ ಅಭ್ಯಾಸ ಬೇರೆ. ಆಗ ಅಸಲಿ ತೋಟಾ ಆ ಕೋಣೆಯಲ್ಲೇ ಇರಬಾರದು. ಗನ್ನು ಮುಟ್ಟಿಯೇ ಗೊತ್ತಿಲ್ಲದವರು ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿಗೆ ಮೊದಲು ಹೋಗಿ.

ತೋಟಾ ಇಡುವ ಜಾಗವೂ ಮುಖ್ಯ. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಗೊತ್ತಲ್ಲ. ಒಂದು ವರ್ಷ ಡಬ್ಬಿಯನ್ನು ಗಿರಣಿಯ ಕಚೇರಿಯಲ್ಲಿ, ತಗಡಿನ ಮಾಡಿನ ಕೆಳಗೆ ಇಟ್ಟಿದ್ದೆ. ಪಕ್ಕದಲ್ಲೇ ಭತ್ತ ಬೇಯಿಸುವ ಬಾಯ್ಲರಿನ ಹಬೆ. ಆ ಡಬ್ಬಿಯ ಎರಡು ತೋಟಾ ರೇಂಜ್‌ನಲ್ಲಿ ಹೊತ್ತಲಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆದೆ. ಈಗ ಮನೆಯ ಒಳಕೋಣೆಯ ತಿಜೋರಿಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಹಳೆಯದನ್ನು ಮೊದಲು ಹೊಡೆದು ಹೊಸದನ್ನು ಉಳಿಸಿಕೊಳ್ಳುತ್ತೇನೆ. ಚುನಾವಣೆ ಬಂದರೆ ಎಲ್ಲವೂ ಠಾಣೆಗೆ. 2018, 2019, 2023, 2024, ನಾಲ್ಕೂ ಸಲ ಒಪ್ಪಿಸಿ ರಸೀದಿ ತಗೊಂಡೆ. ಖಾಲಿ ಕೇಸುಗಳನ್ನೂ ಎಣಿಸಿ ಇಟ್ಟಿರುತ್ತೇನೆ. ಎಷ್ಟು ತಂದೆ, ಎಷ್ಟು ಹೊಡೆದೆ ಅಂತ ಯಾರೇ ಕೇಳಲಿ, ಚೀಟಿ ತೋರಿಸಬಹುದು.

ಸಿಂಧನೂರಿನ ಗೆಳೆಯರೊಬ್ಬರಿಗೆ ಈಚೆಗೆ ಲೈಸೆನ್ಸ್ ಆಗಿದೆ. 2023ರಲ್ಲಿ ಬಂದ ಪ್ರಬಲ್ ರಿವಾಲ್ವರ್ ತಗೊಳ್ಳಲೋ, ನಿರ್ಭೀಕ್ ರಿವಾಲ್ವರ್ ತಗೊಳ್ಳಲೋ ಅಂತ ಕೇಳುತ್ತಿದ್ದಾರೆ. ಪ್ರಬಲ್‌ನಲ್ಲಿ ಗುಂಡಿನ ಚಕ್ರ ಪಕ್ಕಕ್ಕೆ ತೆರೆಯುತ್ತದೆ, ತುಂಬುವುದು ಸಲೀಸು. 2014ರ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕಿಲೋ. ಹಗುರ ಇದ್ದಷ್ಟೂ ಒದೆತ ಜಾಸ್ತಿ. ಎರಡೂ ನುಂಗುವುದು ನನ್ನ ಗನ್ನಿನ ತೋಟಾವನ್ನೇ. ಹಾಗಾಗಿ ಎರಡರಲ್ಲಿ ಯಾವುದು ಕೈಗೆ ಹೊಂದುತ್ತದೋ ಅದನ್ನು ತಗೊಳ್ಳಿ ಅಂದೆ. ಆದರೆ ರಾಯಚೂರಿನಲ್ಲಿ ಯಾರೋ ಮಾರುತ್ತಿರುವ ಹಳೇ .25 ಒಂದನ್ನು ಅವರ ಮನಸ್ಸು ಇನ್ನೂ ಬಿಟ್ಟಿಲ್ಲ. ಎಷ್ಟು ತೋಟಾ ಜೊತೆಗೆ ಕೊಡುತ್ತಾರೆ ಅಂತ ಕೇಳಿದೆ. ಒಂಬತ್ತು ಅಂದರು. ಬರುವ ಭಾನುವಾರ ಅವರನ್ನು ಕರೆದುಕೊಂಡು ರೇಂಜ್‌ಗೆ ಹೋಗುತ್ತಿದ್ದೇನೆ. ಒಂದು ಮುಂಜಾನೆಗೆ ಹದಿನೈದು ತೋಟಾ ಹೇಗೆ ಖಾಲಿಯಾಗುತ್ತವೆ ಅಂತ ಅವರೇ ನೋಡಲಿ.