ಮೇಕ್ಲಾಂಗ್ ರೈಲು ಸಂತೆ, ಅಂಫವಾ ತೇಲುವ ಸಂತೆ: ಶನಿವಾರವಾದರೆ ಹೋಗಿ, ಪ್ಯಾಕೇಜ್ ಆದರೆ ಬಿಡಿ

ಆಫೀಸಿನ ಕೆಲಸಕ್ಕೆಂದು ಬ್ಯಾಂಕಾಕಿಗೆ ಹೋದವರನ್ನು ಅಲ್ಲಿನ ಸಹೋದ್ಯೋಗಿಗಳು ವಾರಾಂತ್ಯದಲ್ಲಿ ಕರೆದೊಯ್ಯುವ ಜಾಗಗಳಲ್ಲಿ ಸಮುತ್ ಸೊಂಗ್‌ಖ್ರಾಮ್ ಪ್ರಾಂತ್ಯದ್ದು ಮೊದಲ ಹೆಸರು. ನಗರದಿಂದ ನೈಋತ್ಯಕ್ಕೆ 70–80 ಕಿ.ಮೀ. ದೂರ. ಹಳಿಯ ಮೇಲೆ ಹರಡಿಕೊಂಡ ಮೇಕ್ಲಾಂಗ್ ಮಾರುಕಟ್ಟೆ, ಮರದ ಬೇರಿನೊಳಗೆ ಕೂತ ಒಂದು ದೇವಾಲಯ, ಸಂಜೆಗೆ ಅಂಫವಾ ಕಾಲುವೆ, ಕತ್ತಲಾದ ಮೇಲೆ ಮಿಣುಕುಹುಳ. ಒಂದು ದಿನಕ್ಕೆ ಸರಿಯಾದ ಹೊರೆ.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಶನಿವಾರ, ಹೋಗುವಾಗ ರೈಲು, ಬರುವಾಗ ಸಹೋದ್ಯೋಗಿಯ ಕಾರು: 5ಕ್ಕೆ 4. ಹೋಟೆಲಿನ ಲಾಬಿಯಲ್ಲಿ ಮಾರುವ ಅರ್ಧ ದಿನದ ಪ್ಯಾಕೇಜ್: 5ಕ್ಕೆ 2. ಜಾಗದಲ್ಲಿ ಕೊರತೆಯಿಲ್ಲ, ಎಡವಟ್ಟೆಲ್ಲ ಗಡಿಯಾರದ್ದು. ಪ್ಯಾಕೇಜಿನ ವ್ಯಾನು ಬೆಳಿಗ್ಗೆ 8:30ರ ರೈಲು ತೋರಿಸಿ, ಅಲ್ಲಿಂದ ಸೀದಾ ದಮ್ನೋನ್ ಸದುವಾಕ್ ತೇಲುವ ಸಂತೆಗೆ ಒಯ್ದು, ಮಧ್ಯಾಹ್ನಕ್ಕೆ ವಾಪಸ್ ತಂದುಬಿಡುತ್ತದೆ. ಅಂಫವಾ ಕಣ್ಣುಬಿಡುವುದೇ ಮಧ್ಯಾಹ್ನದ ಮೇಲೆ, ಅದೂ ಶುಕ್ರ, ಶನಿ, ಭಾನುವಾರ ಮಾತ್ರ. ಸೋಮವಾರದಿಂದ ಗುರುವಾರದೊಳಗೆ ಹೋದರೆ ಮುಚ್ಚಿದ ಬಾಗಿಲುಗಳ ನಡುವೆ ಒಂದು ಕಾಲುವೆ ಸಿಗುತ್ತದೆ, ಅಷ್ಟೇ.

ದಮ್ನೋನ್ ಸದುವಾಕ್ ಬಗ್ಗೆ ಎರಡೇ ಮಾತು. ಥಾಯ್ಲೆಂಡಿನ ನಾಲ್ಕನೇ ರಾಮ ದೊರೆ 1866ರಲ್ಲಿ ತೋಡಿಸಲು ಹೇಳಿ 1868ರಲ್ಲಿ ಮುಗಿದ 32 ಕಿ.ಮೀ. ಕಾಲುವೆ ಅದು, ತಾ ಚಿನ್ ಮತ್ತು ಮೇಕ್ಲಾಂಗ್ ನದಿಗಳನ್ನು ಕೂಡಿಸುತ್ತದೆ. ಇತಿಹಾಸ ದೊಡ್ಡದು, ಈಗಿನ ವ್ಯಾಪಾರ ಸಣ್ಣದು. ಸಂತೆ ಇನ್ನೂ ದೂರವಿರುವಾಗಲೇ ರಸ್ತೆಯಲ್ಲಿ ಕಾರು ತಡೆದು ತಮ್ಮ ಖಾಸಗಿ ಕಟ್ಟೆಯಿಂದಲೇ ದೋಣಿ ಹತ್ತಿಸುವ ದಲ್ಲಾಳಿಗಳಿದ್ದಾರೆ, ದೋಣಿಯ ದರ ಮುಖ ನೋಡಿ ಏರುತ್ತದೆ. ಬೆಳಗಿನ ಸಂತೆಯೇ ಬೇಕೆಂದರೆ ಶನಿ–ಭಾನುವಾರ ನಡೆಯುವ ಥಾ ಖಾ ಸಂತೆ ಇದೆ. ಚಿಕ್ಕದು, ಹುಟ್ಟು ಹಾಕುವ ದೋಣಿಗಳು, ಊರಿನವರದೇ ತರಕಾರಿ, ಹಣ್ಣು.

ಈಗ ರೈಲು. ಈ ದಿನದ ಅರ್ಧ ಮಜಾ ಇರುವುದು ಇಲ್ಲೇ, ಖರ್ಚು ಮಾತ್ರ 23 ಬಾತ್. ಬಾತಿಗೆ ಎರಡೂವರೆಯಿಂದ ಮೂರು ರೂಪಾಯಿ ಹಿಡಿದರೂ ಎಪ್ಪತ್ತು ರೂಪಾಯಿ ದಾಟುವುದಿಲ್ಲ. ವೊಂಗ್ವಿಯನ್ ಯಾಯ್ ರೈಲು ನಿಲ್ದಾಣದಿಂದ ಮಹಾಚಾಯ್‌ಗೆ 10 ಬಾತ್, ತಾ ಚಿನ್ ನದಿ ದಾಟುವ ದೋಣಿಗೆ 3, ಆಚೆ ದಡದ ಬಾನ್ ಲೇಮ್‌ನಿಂದ ಮೇಕ್ಲಾಂಗ್‌ಗೆ ಮತ್ತೆ 10. ಹೊಸಬರು ಎಡವುವುದು ಶುರುವಿನಲ್ಲೇ. ಮೆಟ್ರೋ ಬಿಟಿಎಸ್‌ಗೂ ವೊಂಗ್ವಿಯನ್ ಯಾಯ್ ಎಂಬ ನಿಲ್ದಾಣವಿದೆ, ರೈಲಿಗೂ ಅದೇ ಹೆಸರು, ಎರಡೂ ಒಂದೇ ಜಾಗದಲ್ಲಿಲ್ಲ. ಮೆಟ್ರೋ ಇಳಿದು ಹತ್ತು–ಹದಿನೈದು ನಿಮಿಷ ನಡೆಯಬೇಕು. ರೈಲು ನಿಲ್ದಾಣ ಅಂಗಡಿಗಳ ಸಾಲಿನ ಹಿಂದೆ ಅಡಗಿಕೊಂಡಿದೆ, ಹೊರಗಿನಿಂದ ನೋಡಿದರೆ ಸಂತೆಯ ಓಣಿಯೆಂದೇ ಅನಿಸುತ್ತದೆ.

ಬಾನ್ ಲೇಮ್‌ನಿಂದ ದಿನಕ್ಕೆ ನಾಲ್ಕೇ ಗಾಡಿ. ನಮಗೆ ಬೇಕಾದದ್ದು 10:10ರದ್ದು, ಅದು ಮೇಕ್ಲಾಂಗ್ ತಲುಪುವುದು 11:10ಕ್ಕೆ. ಇದನ್ನು ಹಿಡಿಯಲು ವೊಂಗ್ವಿಯನ್ ಯಾಯ್‌ನಿಂದ 8:35ರ ರೈಲು ಸಾಲುತ್ತದೆ ಎಂದು ಹೇಳುವವರಿದ್ದಾರೆ, ನಂಬಬೇಡಿ. ಮಹಾಚಾಯ್‌ಗೆ ಒಂದು ಗಂಟೆ, ಅಲ್ಲಿ ಮೀನು ಮಾರುಕಟ್ಟೆಯ ಜನಜಂಗುಳಿ ದಾಟಿ ದೋಣಿ ಕಟ್ಟೆಗೆ ಐದು ನಿಮಿಷ, ದೋಣಿ ಬರುವವರೆಗೆ ಕಾಯುವುದು, ಆಚೆ ಇಳಿದು ಬಲಕ್ಕೆ ತಿರುಗಿ ಹತ್ತು ನಿಮಿಷ ನಡಿಗೆ. ಮೊದಲ ರೈಲು ಕಾಲು ಗಂಟೆ ತಡವಾದರೂ ಲೆಕ್ಕವೆಲ್ಲ ತಲೆಕೆಳಗು, ಮುಂದಿನ ಗಾಡಿ 1:30ಕ್ಕೆ. ಅದಕ್ಕೇ 7:40ರದ್ದನ್ನು ಹಿಡಿಯಿರಿ. ಉಳಿದ ಸಮಯಕ್ಕೆ ಮಹಾಚಾಯ್‌ನಲ್ಲಿ ಕಾಫಿ, ತಿಂಡಿ ಆಗುತ್ತದೆ. ವೇಳೆ ಆಗಾಗ ಬದಲಾಗುವುದರಿಂದ ಹಿಂದಿನ ಸಂಜೆ ಥಾಯ್ ಸಹೋದ್ಯೋಗಿಯೊಬ್ಬರಿಂದ ರೈಲ್ವೆಗೆ ಒಂದು ಫೋನ್ ಮಾಡಿಸಿ.

ಗಾಡಿಯಲ್ಲಿ ಎಸಿ ಇಲ್ಲ, ಕಾಯ್ದಿರಿಸಿದ ಸೀಟೂ ಇಲ್ಲ. ಕಿಟಕಿ ತೆರೆದೇ ಇರುತ್ತದೆ, ದಾರಿಯುದ್ದಕ್ಕೂ ಗಿಡದ ಕೊಂಬೆಗಳು ಒಳಗೆ ಬಡಿಯುತ್ತವೆ, ಮೊಣಕೈ ಹೊರಗಿಡಬೇಡಿ. ಬೇಸಿಗೆಯ ತಿಂಗಳುಗಳಾದರೆ ಉಪ್ಪಿನ ಗದ್ದೆಗಳೂ ಬಿಳಿ ರಾಶಿಗಳೂ ಕಾಣುತ್ತವೆ. ಕೊನೆಯ ಒಂದೆರಡು ನಿಲ್ದಾಣಗಳಲ್ಲಿ ಪ್ಯಾಕೇಜಿನ ಗುಂಪುಗಳು ಹತ್ತಿ ನಿಲ್ಲಲೂ ಜಾಗ ಸಾಲದು. ಸೀಟು ಬಿಟ್ಟು ಏಳುವ ತಪ್ಪನ್ನು ಆಗ ಮಾಡಬಾರದು.

11:10ರ ಗಾಡಿಯನ್ನೇ ಆರಿಸಲು ಇನ್ನೊಂದು ಕಾರಣವಿದೆ. ರೈಲಿನೊಳಗಿದ್ದವರಿಗೆ ಸಂತೆ ಮಡಚಿಕೊಳ್ಳುವುದು ಕಾಣುವುದಿಲ್ಲ, ಕಾಣುವುದು ಬರೀ ಎತ್ತಿ ಹಿಡಿದ ಮೊಬೈಲುಗಳು. ಅದೇ ಗಾಡಿ 11:30ಕ್ಕೆ ವಾಪಸ್ ಹೊರಡುತ್ತದೆ. ಇಳಿದ ಕೂಡಲೇ ನಿಲ್ದಾಣದಿಂದ ಸಂತೆಯೊಳಗೆ ನೂರು ಮೀಟರ್ ನಡೆದು ಯಾವುದಾದರೂ ಅಂಗಡಿಯ ಪಕ್ಕ ನಿಂತುಬಿಡಿ. ಒಂದೇ ರೈಲು, ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ.

ನೋಡಬೇಕಾದದ್ದು ರೈಲಿನ ಮೂತಿಯಲ್ಲ, ಅಂಗಡಿಯವರ ಕೈ. ಮರದ ಹಲಗೆಗಳಿಗೆ ಸಣ್ಣ ಚಕ್ರ ಹಾಕಿ ಅಡ್ಡ ಕಂಬಿಗಳ ಮೇಲೆ ಕೂರಿಸಿದ್ದಾರೆ, ಒಂದೇ ತಳ್ಳಿಗೆ ಮೀನಿನ ಹಲಗೆಯೆಲ್ಲ ಒಳಗೆ. ಕೋಲಿಗೆ ಕಟ್ಟಿದ ಟಾರ್ಪಾಲು ಒಂದು ಎಳೆತಕ್ಕೆ ಹಿಂದಕ್ಕೆ. ಆದರೆ ತರಕಾರಿಯ ತಗ್ಗು ಬುಟ್ಟಿಗಳನ್ನು ಕದಲಿಸುವುದೇ ಇಲ್ಲ, ಬೋಗಿ ಅವುಗಳ ಮೇಲೆಯೇ ಹಾದುಹೋಗುತ್ತದೆ, ಸೊಪ್ಪಿನ ಒಂದು ಎಲೆಯೂ ಮುರಿಯುವುದಿಲ್ಲ. ಯಾವ ಬುಟ್ಟಿ ಎಷ್ಟು ಎತ್ತರ ಎಂಬುದು ಅವರಿಗೆ ಕೈಮಾಪ. ರೈಲಿನ ಕೊನೆಯ ಬೋಗಿ ದಾಟಿದ ಅರೆಗಳಿಗೆಯಲ್ಲಿ ಮತ್ತೆ ಚೌಕಾಸಿ ಶುರು. ರೈಲು ನಡೆಯುವವರ ವೇಗದಲ್ಲಿ ಬರುವುದರಿಂದ ಹೆದರಬೇಕಿಲ್ಲ, ಆದರೆ ಬೆನ್ನಿನ ಚೀಲ ಎದೆಗೆ ತಂದುಕೊಳ್ಳಿ, ಕೊಡೆ ಮಡಚಿ, ನೆಲದ ಗೆರೆಯ ಒಳಗೆ ಪಾದ ಇರಲಿ. ಅಪಾಯವಾಗುವುದು ರೈಲಿನಿಂದಲ್ಲ, ಸೆಲ್ಫಿ ಕೋಲು ಚಾಚಿ ಹಿಂದೆ ಸರಿಯುವ ಪಕ್ಕದವರಿಂದ.

ಇಲ್ಲಿಯ ವಿಶೇಷ ಪ್ಲಾ ಥೂ, ಬಂಗುಡೆಯ ಜಾತಿಯ ಗಿಡ್ಡ ಮೀನು. ಬಿದಿರಿನ ದುಂಡು ತಟ್ಟೆಯಲ್ಲಿ ಎರಡು–ಮೂರು ಮೀನು, ಎಲ್ಲದರ ಕತ್ತೂ ಮುರಿದು ಬಗ್ಗಿಸಿದ್ದು. ತಟ್ಟೆಗೆ ಹಿಡಿಸಲಿ ಎಂದೇ ಹಾಗೆ ಮಾಡಿ ಬೇಯಿಸುವುದು. ಮೀನು ತಿನ್ನುವವರು ಇಲ್ಲೇ ತಿನ್ನಬೇಕು, ಕಟ್ಟಿಸಿಕೊಂಡು ಹೋದರೆ ಕಾರಿನಲ್ಲಿ ಕೂರುವವರಿಗೆ ಶಿಕ್ಷೆ.

ಗುಂಪಿನಲ್ಲಿ ಒಬ್ಬರು ಬೆಳಿಗ್ಗೆ ತಡವಾಗಿ ಹೊರಟು 35ನೇ ಹೆದ್ದಾರಿಯಲ್ಲಿ ಕಾರು ತಂದು ಮೇಕ್ಲಾಂಗ್‌ನಲ್ಲಿ ಸೇರಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು. ಏಕೆಂದರೆ ಮೇಕ್ಲಾಂಗ್‌ನಿಂದ ಅಂಫವಾಕ್ಕೆ ಸೊಂಗ್‌ಥೇವ್, ಅಂದರೆ ಹಿಂದೆ ಎರಡು ಬೆಂಚಿನ ಟೆಂಪೋ, ಸಲೀಸಾಗಿ ಸಿಗುತ್ತದೆ. ದೇವಾಲಯಗಳಿಗೆ ಸಿಗುವುದಿಲ್ಲ.

ಮೊದಲು ವಾಟ್ ಬಾಂಗ್ ಕುಂಗ್. ಥಾಯ್ ಜನರ ಹಳೆಯ ರಾಜಧಾನಿ ಅಯುತ್ಥಯಾದ ಕಾಲದ ಪುಟ್ಟ ಗುಡಿ. ಅರಳಿ, ಆಲದ ಜಾತಿಯ ನಾಲ್ಕು ಬಗೆಯ ಮರಗಳ ಬೇರು ಗೋಡೆಯನ್ನೆಲ್ಲ ತಬ್ಬಿಕೊಂಡು ಇಟ್ಟಿಗೆಯೇ ಮರೆಯಾಗಿದೆ. ಕಿಟಕಿಯ ಚೌಕಟ್ಟೂ ಬೇರಿನದೇ. ಒಳಗೆ ಲುವಾಂಗ್ ಪೋ ನಿನ್ ಮಣಿ ಎಂಬ ಬುದ್ಧಮೂರ್ತಿ. ಅಯುತ್ಥಯಾ ಬಿದ್ದ ಮೇಲೆ ತಾಕ್ಸಿನ್ ದೊರೆಯ ಪಡೆ ಬರ್ಮಾದವರನ್ನು 1768ರಲ್ಲಿ ಎದುರಿಸಿದ ಶಿಬಿರ ಇದೇ ಜಾಗ, ಅದಕ್ಕೇ ಅಂಗಳದಲ್ಲಿ ಮುಯೆ ಥಾಯ್, ಅಂದರೆ ಥಾಯ್ ಬಾಕ್ಸಿಂಗ್ ಪಟ್ಟು ಹಾಕಿದ ಮೂರ್ತಿಗಳು. ಅವನ್ನು ಬಿಟ್ಟರೂ ನಷ್ಟವಿಲ್ಲ.

ಗುಡಿಯ ಒಳಗೆ ಬಂಗಾರದ ರೇಕು ಅಂಟಿಸುವ ರೂಢಿ ಇದೆ. ಕಾಣಿಕೆ ಡಬ್ಬಿಗೆ ದುಡ್ಡು ಹಾಕಿದರೆ ಊದುಬತ್ತಿ, ಮೇಣದ ಬತ್ತಿಯ ಜೊತೆ ಎರಡು ಕಾಗದದ ನಡುವೆ ಸಣ್ಣ ಚೌಕದ ರೇಕು ಕೊಡುತ್ತಾರೆ. ಬಹಳ ಜನ ಅದನ್ನು ಬೆರಳಿನಿಂದ ಎತ್ತಲು ಹೋಗುತ್ತಾರೆ. ಬೆವರಿಗೆ ಅದು ಬೆರಳಿಗೇ ಮೆತ್ತಿಕೊಂಡು ಪುಡಿಯಾಗುತ್ತದೆ. ಒಂದು ಕಡೆಯ ಕಾಗದ ಮಾತ್ರ ತೆಗೆದು, ರೇಕಿನ ಮುಖವನ್ನು ಮೂರ್ತಿಗೆ ಒತ್ತಿ, ಹಿಂದಿನ ಕಾಗದದ ಮೇಲೆ ಹೆಬ್ಬೆರಳಿನಿಂದ ಸವರಿ, ಆಮೇಲೆ ಕಾಗದ ಕೀಳಬೇಕು. ಫ್ಯಾನಿನ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಭುಜ, ಮೊಣಕಾಲು ಮುಚ್ಚಿರಬೇಕು, ಹೊಸ್ತಿಲು ತುಳಿಯಬಾರದು, ಕೂತಾಗ ಅಂಗಾಲು ಮೂರ್ತಿಯ ಕಡೆ ತಿರುಗಬಾರದು, ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು.

ಥಾಯ್ ಸಹೋದ್ಯೋಗಿಗಳು ನಿಜವಾಗಿ ಹೋಗಬೇಕೆನ್ನುವುದು ವಾಟ್ ಚುಲಾಮಣಿಗೆ. ಅಲ್ಲಿರುವುದು ಥಾವ್ ವೆಸ್ಸುವನ್, ಅಂದರೆ ವೈಶ್ರವಣ, ನಮ್ಮ ಕುಬೇರ. ಡೊಳ್ಳುಹೊಟ್ಟೆಯ ಕುಬೇರನನ್ನು ಕಂಡು ಬೆಳೆದವರಿಗೆ ಗದೆ ಊರಿ ಕೋರೆಹಲ್ಲು ತೋರಿಸಿ ನಿಂತ ಈ ಯಕ್ಷ ಹೊಸಬನೇ. ಒಂಬತ್ತು ಕೆಂಗುಲಾಬಿ ಏರಿಸುವುದು ಪದ್ಧತಿ, ಅಲ್ಲೇ ಮಾರುತ್ತಾರೆ. ಥಾಯ್ ಲಾಟರಿ ಡ್ರಾ ಪ್ರತಿ ತಿಂಗಳ 1 ಮತ್ತು 16ಕ್ಕೆ, ಅದರ ಹಿಂದಿನ ವಾರಾಂತ್ಯ ಇಲ್ಲಿಗೆ ಬಂದರೆ ಗಂಟೆಗಟ್ಟಲೆ ಕ್ಯೂನಲ್ಲೇ ಕಳೆಯಬೇಕಾದೀತು. ಜನರಿಲ್ಲದ ಕಡೆ ಸುಮ್ಮನೆ ಕೂರುವ ಆಸೆಯಿದ್ದವರಿಗೆ ವಾಟ್ ಬಾಂಗ್ ಖೇ ನೋಯ್ ಇದೆ. ಒಳಗೋಡೆಯ ತುಂಬ ತೇಗದ ಕೆತ್ತನೆ, ಬುದ್ಧನ ಬದುಕಿನ ಕಥೆ. ಈ ಮೂರರಲ್ಲಿ ಎರಡು ಸಾಕು. ಮೂರೂ ನೋಡುತ್ತೇವೆಂದರೆ ಅಂಫವಾದಲ್ಲಿ ಊಟ ತಪ್ಪುತ್ತದೆ.

ಅಂಫವಾಕ್ಕೆ ಮೂರೂವರೆಗೆ ಬಂದರೆ ಸೊಗಸು. ಐದರ ಮೇಲೆ ಕಾಲುವೆಯ ಎರಡೂ ದಡದಲ್ಲಿ ಹೆಜ್ಜೆ ಎತ್ತಿಡಲು ಜಾಗವಿಲ್ಲ. ದೋಣಿಗಳು ಮೆಟ್ಟಿಲಿಗೆ ಕಟ್ಟಿಕೊಂಡು ನಿಂತಿರುತ್ತವೆ. ದೋಣಿಯಲ್ಲೇ ಒಲೆ, ಒಲೆಯ ಮೇಲೆ ಸಿಗಡಿ, ಸ್ಕ್ವಿಡ್. ಮೆಟ್ಟಿಲಿನ ಗಿಡ್ಡ ಮೇಜಿನಲ್ಲಿ ಕೂತು ಹೇಳಿದರೆ ತಟ್ಟೆ ಮೇಲೆ ಬರುತ್ತದೆ. ದೊಡ್ಡ ಸಿಗಡಿಯ ದರ ಹಲಗೆಯ ಮೇಲಿಲ್ಲದಿದ್ದರೆ ಮೊದಲೇ ಕೇಳಿ. ಮೊಣಕಾಲು ನೋವಿನವರಿಗೆ ಈ ಮೆಟ್ಟಿಲು ಬೇಡ, ಮೇಲಿನ ಹೋಟೆಲುಗಳಲ್ಲಿ ಕುರ್ಚಿಗಳಿವೆ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರ. ಥಾಯ್ ಅಡುಗೆಯಲ್ಲಿ ಮೀನು ಕಾಣದಿದ್ದರೂ ಮೀನಿನ ಸಾಸ್ ಇರುತ್ತದೆ. ‘ಕಿನ್ ಜೇ’ ಎನ್ನಿ: ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲದ ಊಟ ಅದು. ಮಡಿಯವರಿಗೂ ಜೈನರಿಗೂ ಇದಕ್ಕಿಂತ ಅನುಕೂಲ ಯಾವುದೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಅದರ ಗುರುತು. ಬರೀ ‘ಮಂಗ್ಸವಿರತ್’ (ಸಸ್ಯಾಹಾರ) ಎಂದರೆ ಮೊಟ್ಟೆ ಬಂದೀತು. ಹಸಿ ಪಪ್ಪಾಯಿಯ ಕೋಸಂಬರಿ ಸೋಮ್ ತಮ್‌ಗೆ ‘ಮಾಯ್ ಸಾಯ್ ನಾಮ್ ಪ್ಲಾ, ಮಾಯ್ ಸಾಯ್ ಕುಂಗ್ ಹೇಂಗ್’ ಎಂದರೆ ಮೀನಿನ ಸಾಸೂ ಒಣ ಸಿಗಡಿಯೂ ಹಾಕುವುದಿಲ್ಲ. ಆದರೆ ಕುಟ್ಟುವ ಒರಳು ಅದೇ. ಆ ಒರಳು ಮನಸ್ಸಿಗೆ ಒಗ್ಗದಿದ್ದರೆ ಆ ಅಂಗಡಿ ಬಿಟ್ಟು ಖನೋಮ್ ಕ್ರೊಕ್ ಕಡೆ ನಡೆಯಿರಿ. ನಮ್ಮ ಪಡ್ಡಿನ ಹೆಂಚಿನಂಥದ್ದರಲ್ಲೇ ಅಕ್ಕಿ ಹಿಟ್ಟು, ತೆಂಗಿನ ಹಾಲು ಹುಯ್ದು ಬೇಯಿಸಿ, ಅರ್ಧರ್ಧ ತೆಗೆದು ಜೋಡಿಸುತ್ತಾರೆ. ಅಂಚು ಗರಿಗರಿ, ನಡುವೆ ಇನ್ನೂ ಹಾಲು, ಬಾಯಿಗೆ ಹಾಕುವ ಮುನ್ನ ಒಂದು ನಿಮಿಷ ತಾಳಿ.

ಸಹೋದ್ಯೋಗಿಗಳೊಂದಿಗಿನ ಊಟಕ್ಕೆ ಒಂದು ಮಾತು. ಅಲ್ಲಿ ಪದಾರ್ಥಗಳೆಲ್ಲ ನಡುವೆ, ಅನ್ನ ಮಾತ್ರ ಅವರವರ ತಟ್ಟೆಗೆ. ನಾವು ಸಸ್ಯಾಹಾರಿ ಎಂದು ಮೇಜಿನ ಮುಂದೆ ಕೂತ ಮೇಲೆ ಹೇಳಿದರೆ, ಅವರು ಏನೂ ಅನ್ನದೆ ತಮ್ಮ ಏಡಿಯನ್ನೂ ಬಿಟ್ಟುಬಿಡುತ್ತಾರೆ. ಹಿಂದಿನ ದಿನವೇ ಹೇಳಿ, ನಮಗೆ ಎರಡು ಪದಾರ್ಥ ಬೇರೆ ತರಿಸಿ, ಅವರದನ್ನು ಅವರು ತರಿಸಿಕೊಳ್ಳಲಿ. ‘ಇಲ್ಲಿಗೆ ಹೋಗೋಣವೇ’ ಎಂದು ಕೇಳಿದರೆ ಇಷ್ಟವಿಲ್ಲದಿದ್ದರೂ ಹೂಂ ಎನ್ನುವ ಜನ. ‘ಇದೋ, ಅದೋ’ ಎಂದು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಕೊಳ್ಳುವುದಾದರೆ ತೆಂಗಿನ ಬೆಲ್ಲ, ಈ ಪ್ರಾಂತ್ಯದ್ದೇ ಬೆಳೆ. ತೆಂಗಿನ ಹೊಂಬಾಳೆಯ ನೀರಾ ಹುಳಿಯದಂತೆ ಪಾತ್ರೆಗೆ ಫಯೋಮ್ ಮರದ ಚಕ್ಕೆ ಹಾಕುತ್ತಾರೆ, ನಮ್ಮಲ್ಲಿ ಸುಣ್ಣ ಹಚ್ಚುವಂತೆ. ಅಗ್ಗದ ಅಚ್ಚುಗಳಲ್ಲಿ ಬಿಳಿ ಸಕ್ಕರೆ ಬೆರೆತಿರುತ್ತದೆ. ಅವು ಗಟ್ಟಿ, ತಿಳಿ ಬಣ್ಣ, ತಿಂಗಳಾದರೂ ಹಾಗೇ. ಅಪ್ಪಟದ್ದು ಮೆತ್ತಗಿರುತ್ತದೆ, ದಿನ ಕಳೆದಂತೆ ಕಪ್ಪಾಗಿ ನೀರೊಡೆಯುತ್ತದೆ. ಡಬ್ಬಿಯದ್ದನ್ನೇ ಕೊಳ್ಳಿ, ವಿಮಾನದಲ್ಲಿ ಚೆಕ್‌ಇನ್ ಚೀಲಕ್ಕೆ ಹಾಕಿ.

ಮಿಣುಕುಹುಳದ ದೋಣಿ ಸಂಜೆ ಆರೂವರೆಯಿಂದ ಹೊರಡುತ್ತದೆ, ತಲೆಗೆ 60 ಬಾತ್ ಆಸುಪಾಸು, ಒಂದು ತಾಸು. ಹುಳ ಕೂರುವುದು ದಡದ ಲಂಫೂ ಮರಗಳಲ್ಲಿ. ಮಳೆಗಾಲ ಒಳ್ಳೆಯದು, ಹುಣ್ಣಿಮೆಯ ಆಸುಪಾಸು ಬೇಡ, ಮಳೆ ಬರುವಾಗಲಂತೂ ಬೇಡವೇ ಬೇಡ. ಎಂಜಿನ್ ನಿಲ್ಲಿಸಿ ಮರದ ಹತ್ತಿರ ತೇಲುವ ದೋಣಿಯವರೂ ಇದ್ದಾರೆ, ದಡದಡ ಸುತ್ತಿಸಿ ಲೈಟು ಬಿಟ್ಟು ತೋರಿಸುವವರೂ ಇದ್ದಾರೆ. ಹತ್ತುವ ಮುನ್ನ ಸಹೋದ್ಯೋಗಿಯಿಂದ ಕೇಳಿಸಿ. ಫೋನಿನಲ್ಲಿ ಚಿತ್ರ ಬರುವುದಿಲ್ಲ, ಒಳಗಿಟ್ಟುಬಿಡಿ.

ಈ ದೋಣಿ ಹತ್ತಿದರೆ ಬ್ಯಾಂಕಾಕಿನ ಮಿನಿವ್ಯಾನ್ ಕೈತಪ್ಪಿತೆಂದೇ ಲೆಕ್ಕ, ರಾತ್ರಿ ಎಂಟರ ಹೊತ್ತಿಗೆ ಅವು ಮುಗಿಯುತ್ತವೆ. ಆ್ಯಪ್ ಟ್ಯಾಕ್ಸಿ ಇಲ್ಲಿ ನಂಬುವಂತಿಲ್ಲ. ಕಾರು ಇದ್ದರೆ ಮಾತ್ರ ದೋಣಿ. ಭಾನುವಾರ ರಾತ್ರಿ 35ನೇ ಹೆದ್ದಾರಿ ರಜೆ ಮುಗಿಸಿ ಬರುವವರಿಂದ ತುಂಬಿ, ಒಂದೂವರೆ ಗಂಟೆಯ ದಾರಿ ಮೂರಾಗುವುದುಂಟು. ಶನಿವಾರ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ. ಸಂತೆಯಲ್ಲಿ ಸಹೋದ್ಯೋಗಿಗಳು ಕ್ಯೂಆರ್ ಸ್ಕ್ಯಾನ್ ಮಾಡಿ ಎಲ್ಲರದ್ದೂ ಕೊಟ್ಟುಬಿಡುತ್ತಾರೆ, ಕೇಳಿದರೆ ಇರಲಿ ಬಿಡಿ ಎನ್ನುತ್ತಾರೆ. 20, 50, 100ರ ನೋಟು ಜೇಬಿನಲ್ಲಿರಲಿ. ಪೆಟ್ರೋಲು, ಟೋಲ್ ಸೇರಿಸಿ ಅದೇ ರಾತ್ರಿ ಕಾರು ಇಳಿಯುವ ಮೊದಲು ಲೆಕ್ಕ ಚುಕ್ತಾ ಮಾಡಿ, ಸೋಮವಾರ ಆಫೀಸಿನಲ್ಲಿ ಆ ವಿಷಯ ಅವರಾಗಿ ಎತ್ತುವುದಿಲ್ಲ.